ಕುಂಕುಮ ಇಳಿದ ವಾಚು

ಹಳೆಯ ಸ್ಟೀಲ್ ಪಟ್ಟಿಯ ವಾಚೊಂದನ್ನು ನೀವು ಎಂದಾದರೂ ಮೂಗಿಗೆ ಹಿಡಿದು ನೋಡಿದ್ದೀರಾ? ನಗಬೇಡಿ. ನಿಮ್ಮ ಮನೆಯ ಬೀರುವಿನಲ್ಲೂ ತೀರಿಹೋದವರ ವಾಚೊಂದು ಇದ್ದೇ ಇರುತ್ತದೆ, ಒಮ್ಮೆ ತೆಗೆದು ಮೂಸಿ ನೋಡಿ. ಮೊದಲಿಗೆ ಬರೀ ಲೋಹದ ವಾಸನೆ, ಬಹಳ ಹೊತ್ತು ಅಂಗೈಯಲ್ಲಿ ಬಿಗಿಹಿಡಿದ ನಾಣ್ಯದ ಹಾಗೆ. ಸ್ವಲ್ಪ ತಡೆದರೆ ಪಟ್ಟಿಯ ಸಂದಿಗಳಿಂದ ಬೇರೆಯದೇ ಒಂದು ಏಳುತ್ತದೆ. ಬೆವರು, ಸೋಪು, ಆ ಮನುಷ್ಯ ದಿನಾ ಮುಟ್ಟುತ್ತಿದ್ದ ಸಾಮಾನುಗಳ ಧೂಳು. ನಮ್ಮಪ್ಪನ ವಾಚಿನಲ್ಲಿ ಗಂಧದ ಸೋಪಿನ ಜೊತೆ ಪೆನ್ಸಿಲ್ ಹೆರೆದ ಪುಡಿಯ ವಾಸನೆಯಿದೆ. ಕಳೆದ ಚಳಿಗಾಲದಲ್ಲಿ ಅಮ್ಮ ಅದನ್ನು ತನ್ನ ರೇಷ್ಮೆ ಸೀರೆಯೊಂದರ ಮಡಿಕೆಯೊಳಗಿಂದ ತೆಗೆದು ನನ್ನ ಕೈಗಿಟ್ಟಳು. "ಇದನ್ನ ಗೊತ್ತಿರೋರು ಯಾರಿಗಾದ್ರೂ ತೋರ್ಸೇ. ನಾನು ಹಾಳು ಮಾಡಿದ್ದು ಸರಿಯಾಗತ್ತಾ ಅಂತ ಕೇಳು. ನಾನು ಕಣ್ಮುಚ್ಚೋದ್ರೊಳಗೆ ಅದೊಂದು ಆಗ್ಬೇಕು," ಎಂದಳು. ಕೊಲ್ಲಿ ದೇಶದ ಈ ಊರಿನಲ್ಲಿ, ಅಲ್ ಗರಾಫಾ ಬಡಾವಣೆಯ ನಮ್ಮ ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ ನಿಂತು ನಾನು ವಾಚನ್ನು ಮೂಗಿಗೆ ಹಿಡಿದೆ. ಇದೇ ಊರಿನ ಬಿನ್ ಒಮ್ರಾನ್ ಬಡಾವಣೆಯಲ್ಲಿದ್ದ ನಮ್ಮ ಹಳೇ ಮನೆ ಮೆಟ್ಟಿಲುಗಳ ಸಮೇತ ಎದ್ದು ಬಂತು.

ಅದು ಎರಡಂತಸ್ತಿನ, ಸುಣ್ಣ ಮಾಸಿದ ಕಟ್ಟಡ. ಕೆಳಗೆ ಒಂದು ಬಟ್ಟೆಯಂಗಡಿ, ಅದಕ್ಕಂಟಿಕೊಂಡು ಚಹಾದ ಕೆಫೆಟೇರಿಯಾ. ಮೇಲೆ ನಾವು. ಬಾಗಿಲು ತೆರೆದರೆ ಏಲಕ್ಕಿ ಹಾಕಿ ಕುದಿಸಿದ ಕರಕ್ ಚಹಾದ ಘಮವೂ ಹೊಸ ಬಟ್ಟೆಯ ಗಂಜಿಯ ವಾಸನೆಯೂ ಒಟ್ಟಿಗೇ ಒಳಗೆ ನುಗ್ಗುತ್ತಿದ್ದವು. ಕಿಟಕಿಯ ಏಸಿ ಹಗಲಿರುಳು ಗುಂಯ್ ಎನ್ನುತ್ತ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಅದರಡಿ ಖಾಲಿ ಬಣ್ಣದ ಡಬ್ಬವಿಟ್ಟು, ತುಂಬಿದ ನೀರನ್ನು ಎಣ್ಣೆ ಟಿನ್ನಿನಲ್ಲಿ ಬೆಳೆಸಿದ್ದ ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. "ಮರಳುಗಾಡಲ್ಲಿ ಏಸಿ ನೀರು ಕುಡಿದು ಬೆಳೆದ ಕರಿಬೇವು ಕಣೇ, ಒಗ್ಗರಣೆಗೆ ಹಾಕಿದ್ರೆ ತಂಪು," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅಮ್ಮನ ಬಾಯಿಗೆ ಬೀಗವಿರಲಿಲ್ಲ. ಯಾರ ಮನೆಯ ಗುಟ್ಟಾದರೂ ಅವಳ ಕಿವಿಗೆ ಬಿದ್ದರೆ ಸಂಜೆಯೊಳಗೆ ಎರಡನೇ ಕಿವಿ ಹುಡುಕಿಕೊಂಡು ಹೊರಟಿರುತ್ತಿತ್ತು. ಕೆಟ್ಟ ಬುದ್ಧಿಯಿಂದಲ್ಲ, ಒಳ್ಳೇ ಕಥೆಯನ್ನು ಒಬ್ಬಳೇ ಇಟ್ಟುಕೊಳ್ಳುವುದು ಅವಳಿಗೆ ಪಾಪವೆನಿಸುತ್ತಿತ್ತು. ಈಗ ಆ ಕಟ್ಟಡವಿಲ್ಲ. ಅಲ್ಲಿ ನಿಂತಿರುವ ಗಾಜಿನ ಗೋಡೆಯ ಎತ್ತರದ ಕಟ್ಟಡದ ಮುಂದೆ ಕಾರು ನಿಧಾನ ಮಾಡಿದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ನಾನೂ ಮುಂದೆ ಹೋಗುತ್ತೇನೆ, ಇನ್ನೇನು ಮಾಡಲಿ?

ಕೆಳಗಿನ ಬಟ್ಟೆಯಂಗಡಿ ಮೊಯ್ದೀನ್ ಮಾಮನದು. ಉಳ್ಳಾಲದ ಕಡೆಯವರು. ಮನೆಯಲ್ಲಿ ಬ್ಯಾರಿ ಮಾತು, ಅಂಗಡಿಯಲ್ಲಿ ಅರಬಿ, ಹಿಂದಿ, ಮಲಯಾಳ, ನಮ್ಮ ಜೊತೆ ಮಾತ್ರ ಕರಾವಳಿಯ ಕನ್ನಡ. ನಮ್ಮಪ್ಪ ಮೈಸೂರಿನವರು, ಕಟ್ಟಡದ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಊಟ ಬೇರೆ, ದೇವರು ಬೇರೆ, ಕನ್ನಡವೂ ಬೇರೆಯಾಗಿದ್ದ ಈ ಇಬ್ಬರನ್ನು ಕಟ್ಟಿಹಾಕಿದ್ದು ಒಂದೇ ಹುಚ್ಚು, ವಾಚು. ಶುಕ್ರವಾರ ಜುಮಾ ನಮಾಜು ಮುಗಿಸಿ, ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು, ಬಿಳಿ ಅಂಗಿಗೆ ಅತ್ತರು ಹಚ್ಚಿಕೊಂಡು ಮೊಯ್ದೀನ್ ಮಾಮ ಮೆಟ್ಟಿಲು ಹತ್ತಿ ಬರುತ್ತಿದ್ದರು. ಜೇಬಿನಲ್ಲಿ ಕರವಸ್ತ್ರದ ಗಂಟು, ಗಂಟಿನೊಳಗೆ ಆ ವಾರದ ವಾಚುಗಳು. ಅಪ್ಪ ಚಾಪೆಯ ಮೇಲೆ ಹಳೇ ಟವೆಲು ಹಾಸಿ, ಅಂಗಿಯ ಜೇಬಿನಿಂದ ತಮ್ಮ ಸಣ್ಣ ಭೂತಗನ್ನಡಿ ತೆಗೆಯುತ್ತಿದ್ದರು. ನಕ್ಷೆಯ ಗೆರೆ ನೋಡುವುದಕ್ಕೆ ಅವರು ಇಟ್ಟುಕೊಂಡಿದ್ದ ಗಾಜು ಅದು, ಒಂದು ಕಣ್ಣಿಗೆ ಸಿಕ್ಕಿಸಿಕೊಂಡರೆ ಹುಬ್ಬಿನಡಿ ನಿಲ್ಲುತ್ತಿತ್ತು. ನನಗೂ ಟವೆಲಿನ ಒಂದು ಮೂಲೆಯಲ್ಲಿ ಜಾಗವಿತ್ತು.

ಮೊಯ್ದೀನ್ ಮಾಮ ಕೊಳ್ಳುತ್ತಿದ್ದವೆಲ್ಲ ನಕಲಿ. ಅದನ್ನವರು ಮುಚ್ಚಿಡುತ್ತಿರಲಿಲ್ಲ, ಅದನ್ನೇ ಹೇಳಿಕೊಂಡು ಮೆರೆಯುತ್ತಿದ್ದರು. ಇಲ್ಲಿಯವರು ನಕಲಿಗೆ ತಕ್ಲೀದ್ ಎನ್ನುತ್ತಾರೆ. "ಮೈಸೂರಣ್ಣಾ, ತಕ್ಲೀದಿನಲ್ಲಿ ಕೂಡ ಜಾತಿ ಉಂಟು. ಇದು ಫಸ್ಟ್ ಕಾಪಿ. ಮುಳ್ಳು ಹೇಗೆ ಜಾರ್ತದೆ ನೋಡಿ, ಬೆಣ್ಣೆ!" ಎಂದು ಒಂದನ್ನು ಟವೆಲಿನ ಮೇಲೆ ಇಡುತ್ತಿದ್ದರು. ಅಪ್ಪ ಗಾಜು ಏರಿಸಿ, ಉಸಿರು ಹಿಡಿದು ನೋಡಿ, ಬಹಳ ಬೇಸರದಿಂದ ತಲೆಯೆತ್ತುತ್ತಿದ್ದರು. "ಅಕ್ಷರ ನೋಡ್ರೀ ಮೊಯ್ದೀನ್. ಮುಳ್ಳು ಯಾರು ಬೇಕಾದ್ರೂ ಮಾಡ್ತಾರೆ. ನಕಲು ಮಾಡೋನು ಸಿಕ್ಕಿಬೀಳೋದು ಅಕ್ಷರದಲ್ಲಿ. ಈ 'ಆರ್' ನೋಡಿ, ಬಲಗಾಲು ಕುಂಟು. ಅಸಲಿಯಲ್ಲಿ ನೆಟ್ಟಗೆ ನಿಂತಿರತ್ತೆ." ಜೀವಮಾನವಿಡೀ ನಕ್ಷೆಗಳ ಮೇಲೆ ಸಾಲು ಹಿಡಿದು ಅಕ್ಷರ ಬರೆದ ಮನುಷ್ಯ, ಅವರ ಕಣ್ಣಿಗೆ ಕುಂಟು ಅಕ್ಷರ ಊಟದಲ್ಲಿ ಕಲ್ಲು ಸಿಕ್ಕ ಹಾಗೆ. ಮೊಯ್ದೀನ್ ಮಾಮನಿಗೋ ಅದರಲ್ಲೇ ಮಜಾ. "ಎಂತ ಮಾರಾಯ್ರೆ, ನನ್ನ ಕೈ ಹಿಡಿದು ಆರ್‌ನ ಕಾಲು ನೋಡ್ಲಿಕ್ಕೆ ಯಾರು ಬರ್ತಾರೆ? ಗಂಟೆ ಸರಿ ತೋರಿಸಿದ್ರೆ ಸಾಕು, ಖಲಾಸ್. ಮತ್ತೆ ನೀವು ಅಸಲಿ ಅಸಲಿ ಅಂತ ಕುಣೀತೀರಲ್ಲ, ಆ ಪದವೇ ಅರಬಿಯಿಂದ ಬಂದದ್ದು. ನಿಮ್ಮ ಅಸಲಿಯೇ ಆಮದು!" ಆಗ ಅಡುಗೆಮನೆಯಿಂದ ಅಮ್ಮ ಚಹಾದ ತಟ್ಟೆ ಹಿಡಿದು ಬರುತ್ತ, "ನಿಮ್ಮ ತಕ್ಲೀದ್ ನಂಗೆ ತಕ್ಲೀಫ್ ಕಣ್ರಪ್ಪ. ಎಷ್ಟು ಸಲ ಚಾ ಮಾಡ್ಲಿ?" ಎನ್ನುತ್ತಿದ್ದಳು. ಮೊಯ್ದೀನ್ ಮಾಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಮ್ಮ ಅಲ್ಲೇ ಕೂತು, ವಾಚುಗಳನ್ನು ಒಂದೊಂದಾಗಿ ಎತ್ತಿ, ಇದಕ್ಕೆ ಮದುವೆ ಗಂಡಿನ ಮುಖ, ಇದಕ್ಕೆ ಬ್ಯಾಂಕಿನವನ ಮುಖ ಎಂದು ಹೆಸರಿಡುತ್ತಿದ್ದಳು. ಬೆಳಕು ಇಳಿಯುವವರೆಗೂ ಆ ಮೂವರ ಮಾತು ಮುಗಿಯುತ್ತಿರಲಿಲ್ಲ. ನನ್ನ ಬಾಲ್ಯ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಟವೆಲನ್ನೇ ತೋರಿಸುತ್ತೇನೆ.

ಮೊಯ್ದೀನ್ ಮಾಮನ ಮಗ ಅಶ್ರಫ್ ಗಣಿತದಲ್ಲಿ ತೀರಾ ಹಿಂದೆ ಬಿದ್ದಿದ್ದ. ಅಪ್ಪ ಸಂಜೆ ಆಫೀಸಿನಿಂದ ಬಂದವರೇ ಅವನನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಎರಡು ವರ್ಷ ಹಾಗೆ ನಡೆಯಿತು. ಹುಡುಗನಿಗೆ ಊರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಆ ಶುಕ್ರವಾರ ಮೊಯ್ದೀನ್ ಮಾಮ ಕರವಸ್ತ್ರದ ಗಂಟಿಲ್ಲದೆ ಬಂದರು. ಕೈಯಲ್ಲಿ ಒಂದೇ ಒಂದು ಹಸಿರು ಡಬ್ಬಿ. ಟವೆಲಿನ ಮೇಲೆ ಇಡಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮುಂದೆ ಚಾಚಿದರು. "ಮೈಸೂರಣ್ಣಾ, ನಾನು ಜೀವಮಾನದಲ್ಲಿ ತೆಗೆದ ಒಂದೇ ಅಸ್ಲಿ ಮಾಲು ಇದು. ಊರಿಗೆ ಶಾಶ್ವತ ಹೋಗುವವರೊಬ್ಬರು ಮಾರಿದ್ದು. ಹಳೇದು, ಈಗ ಹೀಗಿನದ್ದು ಬರುವುದಿಲ್ಲವಂತೆ. ನಿಮಗೆ ತಕ್ಲೀದ್ ಕೊಡ್ಲಿಕ್ಕಾಗ್ತದಾ?" ಅಂಗಡಿಯ ಮುಂಭಾಗಕ್ಕೆ ಹೊಸ ಗಾಜು ಹಾಕಿಸುತ್ತೇನೆಂದು ವರ್ಷದಿಂದ ಹೇಳುತ್ತಿದ್ದವರು ಆಮೇಲೆ ಆ ಮಾತೆತ್ತಲಿಲ್ಲ. ಆ ದುಡ್ಡು ಎಲ್ಲಿಗೆ ಹೋಯಿತೆಂದು ನಮಗೆಲ್ಲ ತಿಳಿಯಿತು.

ಅದು ಸಮುದ್ರದಲ್ಲಿ ಮುಳುಗುವವರ ವಾಚು. ಕಪ್ಪು ಮುಖ, ಸುತ್ತ ತಿರುಗಿಸುವ ಬಳೆ, ಕತ್ತಲಲ್ಲಿ ಹೊಳೆಯುವ ಚುಕ್ಕೆಗಳು, ಮುಖದ ಕೆಳಭಾಗದಲ್ಲಿ ಎಷ್ಟು ಆಳದವರೆಗೆ ಹೋಗಬಹುದೆಂಬ ಸಣ್ಣ ಬರಹ. ಅಪ್ಪನ ಕೈ ಅಭ್ಯಾಸದಂತೆ ಜೇಬಿನ ಭೂತಗನ್ನಡಿಗೆ ಹೋಯಿತು. ಗಾಜನ್ನು ಕಣ್ಣಿನ ಹತ್ತಿರ ತಂದವರು, ಏನನ್ನಿಸಿತೋ, ಹಾಗೇ ಕೆಳಗಿಳಿಸಿ ಜೇಬಿಗೆ ಹಾಕಿಕೊಂಡರು. ವಾಚನ್ನು ನೇರ ಮಣಿಕಟ್ಟಿಗೆ ಕಟ್ಟಿಕೊಂಡು, "ಮೊಯ್ದೀನ್, ಏನ್ರೀ ಇದು, ಇಷ್ಟು ದೊಡ್ಡದು..." ಎಂದು ಅಲ್ಲಿಗೇ ನಿಂತರು. ಅವರ ಕಣ್ಣು ತುಂಬಿತ್ತು. ದೇವರ ಮುಂದೆ ಯಾರಾದರೂ ಭೂತಗನ್ನಡಿ ಹಿಡಿಯುತ್ತಾರೆಯೇ, ಅಷ್ಟು ಗೌರವ ಅದಕ್ಕೆ ಎಂದು ನಾನು ತಿಳಿದುಕೊಂಡೆ. ಮೊಯ್ದೀನ್ ಮಾಮ ಮಾತ್ರ ಆ ದಿನವೆಲ್ಲ ವಾಚಿನ ಮಹಿಮೆ ಹೇಳಿದ್ದೇ ಹೇಳಿದ್ದು. "ಅಕ್ಕಾ, ಇದನ್ನು ಕಟ್ಟಿಕೊಂಡು ಸಮುದ್ರದ ತಳಕ್ಕೆ ಹೋದ್ರೂ ಒಂದು ಹನಿ ನೀರು ಒಳಗೆ ಹೋಗುದಿಲ್ಲ, ಗೊತ್ತುಂಟಾ? ಒಂದು ಹನಿ!" ಅಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು. ಅಪ್ಪ ಪ್ರತಿ ಶುಕ್ರವಾರ ಆ ವಾಚನ್ನೇ ಕಟ್ಟಿಕೊಂಡು ಕೂರುತ್ತಿದ್ದರು, ಮೊಯ್ದೀನ್ ಮಾಮ ಪ್ರತಿ ಶುಕ್ರವಾರ ಅದನ್ನು ನೋಡಿ ಖುಷಿಪಡುತ್ತಿದ್ದರು.

ಆ ವರ್ಷ ಆಯುಧಪೂಜೆ ಶುಕ್ರವಾರವೇ ಬಂತು. ನಮ್ಮಮ್ಮನ ಆಯುಧಪೂಜೆಯೆಂದರೆ ಅರ್ಧಂಬರ್ಧ ಅಲ್ಲ. ಮನೆಯಲ್ಲಿ ಕೆಲಸ ಮಾಡುವ ಯಾವ ಸಾಮಾನೂ ಸ್ನಾನವಿಲ್ಲದೆ ಕುಂಕುಮ ಇಟ್ಟುಕೊಳ್ಳುವಂತಿರಲಿಲ್ಲ. ಅಪ್ಪನ ಕಂಪಾಸು, ಅಳತೆಪಟ್ಟಿ, ಈಳಿಗೆಮಣೆ, ಹೊಲಿಗೆ ಮಷೀನಿನ ಚಕ್ರ, ಕಾರಿನ ಕೀಲಿ, ನನ್ನ ಜಾಮಿಟ್ರಿ ಬಾಕ್ಸು. ಮಿಕ್ಸಿಯನ್ನೂ ಇಸ್ತ್ರಿ ಪೆಟ್ಟಿಗೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಕರೆಂಟಿನದಕ್ಕೆ ನೀರು ಹಾಕಬಾರದು ಎಂಬಷ್ಟು ವಿಜ್ಞಾನ ಅವಳಿಗೆ ಗೊತ್ತಿತ್ತು. ವಾಚನ್ನು ಎಂದೂ ನೀರಿಗೆ ಹಾಕಿದವಳಲ್ಲ. ಆದರೆ ಈ ಸಲದ ವಾಚು ಬೇರೆ. ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಅದನ್ನು ಬಕೆಟ್ಟಿನಲ್ಲಿ ಅದ್ದಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಗಸಗಸ ಉಜ್ಜಿದಳು. "ಅಮ್ಮಾ, ವಾಚು!" ಎಂದೆ ನಾನು. "ಸಮುದ್ರದ ತಳಕ್ಕೆ ಹೋಗಿ ಬರೋ ವಾಚು ನಮ್ಮನೆ ಬಕೆಟ್ ನೀರಿಗೆ ಹೆದರತ್ತೇನೇ? ಮೊಯ್ದೀನ್ ಹೇಳಿದ್ದು ಕೇಳ್ಲಿಲ್ವಾ?" ಎಂದಳು. ಉಳಿದ ಆಯುಧಗಳ ಸಾಲಿನಲ್ಲಿ ಅದನ್ನೂ ಮಲಗಿಸಿ, ಕಲಸಿದ ಅರಿಶಿನ ಕುಂಕುಮವನ್ನು ಗಾಜಿನ ಮೇಲೆ, ಬಳೆಯ ಮೇಲೆ, ತಿರುಪಿನ ಮೇಲೆ ಧಾರಾಳವಾಗಿ ಹಚ್ಚಿ, ಒಂದು ಸೇವಂತಿಗೆಯನ್ನಿಟ್ಟಳು. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ?

ಪೂಜೆ ಮುಗಿದು ಊಟವಾಗಿ ಸಾಯಂಕಾಲವಾಗುವ ಹೊತ್ತಿಗೆ ಅಪ್ಪ ವಾಚು ಎತ್ತಿಕೊಂಡರು. ಗಾಜಿನೊಳಗೆ ಮಂಜು ಕವಿದಿತ್ತು. ನೋಡುತ್ತಿದ್ದಂತೆ ಕಪ್ಪು ಮುಖದ ಅಂಚಿನಿಂದ ಕೆಂಪು ನೀರಿನ ಎಳೆಯೊಂದು ಒಳಗೆ ಇಳಿಯಿತು. ಅಪ್ಪ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೊಯ್ದೀನ್ ಮಾಮನ ಹೆಜ್ಜೆ ಕೇಳಿತು. ಅಪ್ಪ ವಾಚನ್ನು ಗಬಕ್ಕನೆ ಪಂಚೆಯ ಸೊಂಟಕ್ಕೆ ಸಿಕ್ಕಿಸಿ, ಅಮ್ಮನ ಕಡೆ ತಿರುಗಿ, "ಮೊಯ್ದೀನ್ ಹತ್ರ ಒಂದಕ್ಷರ ಹೇಳ್ಬೇಡ. ನನ್ನಾಣೆ," ಎಂದರು. ಅಪ್ಪ ಆಣೆ ಹಾಕಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಮೊಯ್ದೀನ್ ಮಾಮ ಬಂದು ಕೂತು, ಬರಿಯ ಮಣಿಕಟ್ಟು ನೋಡಿ, "ಎಲ್ಲಿ ಅಣ್ಣಾ, ನಮ್ಮ ಮಾಲು?" ಎಂದು ಕೇಳಿದರು. "ಅಂಥ ಬೆಲೆಬಾಳೋದನ್ನ ಎಲ್ಲೆಂದರಲ್ಲಿ ಕಟ್ಕೊಂಡು ಓಡಾಡಕ್ಕಾಗತ್ತೇನ್ರೀ? ಬೀರುವಿನಲ್ಲಿ ಇಟ್ಬಿಟ್ಟೆ. ಇನ್ಮೇಲೆ ಅದು ಅಲ್ಲೇ," ಎಂದರು ಅಪ್ಪ. ಮೊಯ್ದೀನ್ ಮಾಮ ಸರಿ ಸರಿ ಎಂದು ತಲೆಯಾಡಿಸಿದರು. ಅವರ ಮುಖ ಒಂದಿಷ್ಟು ಸಪ್ಪಗಾದದ್ದು ನನಗೆ ಕಂಡಿತು.

ಅಪ್ಪ ಅಮ್ಮನಿಗೆ ಒಂದು ಬೈಗುಳವನ್ನೂ ಬೈಯಲಿಲ್ಲ. "ಹೋಗ್ಲಿ ಬಿಡು, ಪರವಾಗಿಲ್ಲ" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಮ್ಮ ಆಮೇಲೆ ನೂರು ಸಲ ಹೇಳಿದ್ದಾಳೆ. ಬೈದರೆ ಅತ್ತು ಮುಗಿಸಬಹುದು, ಮಾತೇ ಆಡದಿದ್ದರೆ ಏನು ಮಾಡುವುದು? ಗಂಡನಿಗೆ ಸಿಕ್ಕ ಒಂದೇ ಒಂದು ಅಸಲಿ ವಾಚನ್ನು ತಾನು ಬಕೆಟ್ಟಿನಲ್ಲಿ ಮುಳುಗಿಸಿ ಕೊಂದೆ, ಸ್ನೇಹಿತನಿಗೆ ಹೇಳಲು ಅವರಿಗೆ ನಾಚಿಕೆ, ಅದಕ್ಕೇ ಆಣೆ ಎಂದು ಅವಳು ತೀರ್ಮಾನಿಸಿಕೊಂಡಳು. ಆಮೇಲಿನ ಶುಕ್ರವಾರಗಳಲ್ಲಿ ಅವಳು ಚಹಾ ತಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ವಾಚುಗಳಿಗೆ ಹೆಸರಿಡುವವರಿಲ್ಲ. ಯಾವ ಗುಟ್ಟನ್ನೂ ಇಟ್ಟುಕೊಳ್ಳಲಾಗದವಳು ಅದೊಂದನ್ನು ಇಟ್ಟುಕೊಂಡು ಕೊರಗಿದಳು. ಆಯುಧಪೂಜೆಗೆ ಒಂದು ಸೌಟನ್ನೂ ತೊಳೆಯದೆ, ಒಣಬಟ್ಟೆಯಲ್ಲಿ ಒರೆಸಿ, ದೂರದಿಂದ ಅಕ್ಷತೆ ಹಾಕುತ್ತಿದ್ದಳು. ನಗುತ್ತಿದ್ದ ಹೆಂಗಸೊಬ್ಬಳು ನಮ್ಮ ಮನೆಯಿಂದ ಹೀಗೆ ಸದ್ದಿಲ್ಲದೆ ಹೊರಟುಹೋದಳು, ಅದು ಯಾರಿಗೂ ಕಾಣಿಸಲಿಲ್ಲ. ಆಮೇಲೆ ಕಟ್ಟಡ ಒಡೆಯುತ್ತಾರೆಂದು ಸುದ್ದಿ ಬಂತು, ಮೊಯ್ದೀನ್ ಮಾಮ ಅಂಗಡಿ ಮುಚ್ಚಿ ಉಳ್ಳಾಲಕ್ಕೆ ಹೋದರು, ಅಪ್ಪ ನಿವೃತ್ತರಾಗಿ ನಾವು ಮೈಸೂರಿಗೆ ಮರಳಿದೆವು. ನಾನು ಮದುವೆಯಾಗಿ ಗಂಡನ ಕೆಲಸದ ದೆಸೆಯಿಂದ ಮತ್ತೆ ಇದೇ ಊರಿಗೆ ಬಂದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಮ್ಮ ಜೊತೆಗೇ ಬಂದಳು, ಸೀರೆಯ ಮಡಿಕೆಯಲ್ಲಿ ಆ ವಾಚನ್ನು ಇಟ್ಟುಕೊಂಡು.

ನಮ್ಮ ಆಫೀಸಿನ ನವೀನ್ ಬೆಂಗಳೂರಿನ ಹುಡುಗ, ವಾಚಿನ ಹುಚ್ಚ. ಹುಡುಗ ಎಂದೆ, ಅವನಿಗೂ ತಲೆ ನೆರೆಯುತ್ತಿದೆ. ಅವನ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ಐದಾರು ಜನ ಸೇರಿ ವಾಚುಗಳನ್ನು ಹರಡಿಕೊಂಡು ಕೂರುತ್ತಾರೆಂದು ಕೇಳಿದ್ದೆ. ಅಮ್ಮನ ವಾಚನ್ನು ಅಲ್ಲಿಗೆ ಒಯ್ದೆ. ಬಾಗಿಲಲ್ಲೇ ನನ್ನ ಕಾಲು ನಿಂತುಬಿಟ್ಟಿತು. ಮೇಜಿನ ಮೇಲೆ ಮೆತ್ತನೆಯ ಬಟ್ಟೆ, ಸುತ್ತ ಬಗ್ಗಿದ ತಲೆಗಳು, ಅದೇ ಜಗಳ. ನವೀನ್ ಹೇಳುತ್ತಿದ್ದ: "ಇಲ್ಲ ಡಾಕ್ಟ್ರೇ, ಈಗಿನ ಸೂಪರ್ ಕ್ಲೋನ್ ನಕಲಿ ಬಂದ್ರೆ ಕಂಪನಿಯೋರೇ ಕನ್‌ಫ್ಯೂಸ್ ಆಗ್ತಾರೆ." ಅವನ ಎದುರಿಗಿದ್ದ ಶೆಣೈ ಡಾಕ್ಟರು ಮಂಗಳೂರಿನ ದಂತವೈದ್ಯರು. "ನಕಲಿ ಹಲ್ಲು ಎಷ್ಟು ಚಂದ ಇದ್ರೂ ನನಗೆ ಗೊತ್ತಾಗ್ತದೆ ಮಾರಾಯ. ನೀನು ವಾಚಿನ ಕಥೆ ಹೇಳ್ಬೇಡ," ಎಂದರು ಅವರು. ಎಲ್ಲರೂ ನಕ್ಕರು. ಅಷ್ಟು ದೂರ ಹೋದ ಕಾಲ ಇಲ್ಲಿ ಇನ್ನೊಂದು ಮೇಜಿಗೆ ಬಂದು ಕೂತಿದೆ, ನಮ್ಮವರು ಮಾತ್ರ ಅಲ್ಲಿಲ್ಲ.

ನಾನು ಅಪ್ಪನ ವಾಚನ್ನು ಬಟ್ಟೆಯ ಮೇಲಿಟ್ಟೆ. ಶೆಣೈ ಡಾಕ್ಟರು ಹಿಡಿದು ತಿರುಗಿಸಿ, ಉಸಿರೆಳೆದುಕೊಂಡರು. "ಅಬ್ಬಬ್ಬಾ! ನವೀನ, ಇಲ್ಲಿ ಬಾ. ಟ್ರಾಪಿಕಲ್!" ಹಳೇ ವಾಚಿನ ಕಪ್ಪು ಮುಖ ಬಿಸಿಲಿಗೆ, ಸೆಕೆಗೆ ಕಂದು ಬಣ್ಣಕ್ಕೆ ತಿರುಗಿದರೆ ಅದನ್ನು ಟ್ರಾಪಿಕಲ್ ಎನ್ನುತ್ತಾರಂತೆ, ಹುಚ್ಚರು ಅದಕ್ಕೆ ಪ್ರಾಣ ಬಿಡುತ್ತಾರಂತೆ. ಎಲ್ಲರೂ ಮುತ್ತಿಕೊಂಡರು. ಒಬ್ಬರು ಅಂಚಿನಿಂದ ಒಳಕ್ಕೆ ಬಂದ ಕೆಂಪನ್ನು ಫೋನಿನಲ್ಲಿ ಹಿಡಿದರು. ಇನ್ನೊಬ್ಬರು ಇಷ್ಟು ಕೆಂಪು ತಾನು ನೋಡಿಯೇ ಇಲ್ಲ ಎಂದರು. ನೋಡಿರುವುದು ಸಾಧ್ಯವೂ ಇರಲಿಲ್ಲ. "ಡಾಕ್ಟ್ರೇ, ಅದು ಟ್ರಾಪಿಕಲ್ ಅಲ್ಲ, ನಮ್ಮಮ್ಮನ ಕುಂಕುಮ," ಎಂದು ನಾನು ಆಯುಧಪೂಜೆಯ ಕಥೆ ಹೇಳಿದೆ. ಮೇಜು ಗೊಳ್ಳೆಂದಿತು. ಒಬ್ಬರಿಗೆ ಚಹಾ ನೆತ್ತಿಗೇರಿತು. ನಗು ಇಳಿದ ಮೇಲೆ ನಾನು ಕೇಳಿದೆ, ಇದನ್ನು ಸರಿಮಾಡಬಹುದೇ, ಅಮ್ಮ ಇಷ್ಟು ವರ್ಷ ಇದೇ ಕೊರಗಿನಲ್ಲಿದ್ದಾಳೆ ಎಂದು. ನವೀನ್ ತಲೆ ಕೆರೆದುಕೊಂಡ. "ಮೇಡಂ, ನೀರಿಗೆ ಇಳಿಯೋ ವಾಚು ಇದು, ಬಕೆಟ್‌ನಲ್ಲಿ ತೊಳೆದ್ರೆ ಒಳಗೆ ಹೋಗ್ಬಾರ್ದಿತ್ತು. ನೀರು ತಡೆಯೋ ರಬ್ಬರ್ ಹಳೇದಾಗಿತ್ತೋ ಏನೋ, ತೆಗೆದು ನೋಡೋಣ್ವಾ?" ಎಂದು ಸಣ್ಣ ಉಪಕರಣದಿಂದ ಹಿಂದಿನ ಮುಚ್ಚಳವನ್ನು ತಿರುಗಿಸಿ ತೆಗೆದ. ಬಗ್ಗಿ ನೋಡಿ, ಡಾಕ್ಟರ ಕಡೆ ಸರಿಸಿದ. ಅವರೂ ನೋಡಿ, ಆಮೇಲೆ ಮುಂದಿನ ಮುಖವನ್ನು ಗಾಜಿನಡಿ ಹಿಡಿದು, ನಿಧಾನವಾಗಿ ನನ್ನನ್ನು ನೋಡಿದರು. "ಮೇಡಂ, ಇದರಲ್ಲಿ ರಬ್ಬರಿನ ಉಂಗುರ ಕೂರಿಸುವ ಜಾಗವೇ ಇಲ್ಲ. ಒಳಗಿನ ಯಂತ್ರ ಬೇರೆ ಯಾವುದೋ ಅಗ್ಗದ್ದು. ಅಕ್ಷರ ನೋಡಿ, ಈ ಆರ್‌ನ ಕಾಲು... ಇದು ಹುಟ್ಟಿದಾಗಿಂದಲೇ ತಕ್ಲೀದ್."

ಅವರು ಇನ್ನೂ ಏನೇನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಆರ್‌ನ ಕಾಲು! ಮೊಯ್ದೀನ್ ಮಾಮ ಯಾರಿಂದಲೋ ಮೋಸಹೋಗಿ ತಂದ ವಾಚು ಅದು. ಸರಿ, ಅವರಿಗೆ ಅಸಲಿ ನಕಲಿ ತಿಳಿಯದು. ಆದರೆ ನಮ್ಮಪ್ಪ? ಚಾಪೆಯ ಆಚೆ ಬದಿಯಿಂದಲೇ ಕುಂಟು ಅಕ್ಷರ ಹಿಡಿಯುತ್ತಿದ್ದ ಮನುಷ್ಯನಿಗೆ ಅದು ಕಾಣದಿರಲು ಸಾಧ್ಯವೇ ಇಲ್ಲ. ಡಬ್ಬಿ ತೆರೆದ ಕ್ಷಣವೇ ಅವರಿಗೆ ಕಂಡಿರಬೇಕು. ಅದಕ್ಕೇ ಗಾಜನ್ನು ಕಣ್ಣಿಗೆ ಏರಿಸಲಿಲ್ಲ. ಏರಿಸಿದ್ದರೆ, ನೋಡಿ ಏನಾದರೂ ಹೇಳಲೇಬೇಕಾಗುತ್ತಿತ್ತು. ಅಂಗಡಿಯ ಗಾಜನ್ನು ಬಿಟ್ಟು ಸ್ನೇಹಿತ ತಂದ ಒಂದೇ ಅಸಲಿಯನ್ನು ನಕಲಿ ಎನ್ನಲಾರದೆ ಅದನ್ನು ಕಟ್ಟಿಕೊಂಡು, ಶುಕ್ರವಾರದಿಂದ ಶುಕ್ರವಾರಕ್ಕೆ ಅಸಲಿ ಎಂದೇ ತೋರಿಸಿಕೊಂಡರು. ಒಳಗೆ ನೀರು ಹೋದದ್ದನ್ನು ಮೊಯ್ದೀನ್ ಮಾಮ ನೋಡಿದರೆ ಗುಟ್ಟು ರಟ್ಟು. ಒಂದು ಹನಿಯೂ ಹೋಗುವುದಿಲ್ಲ ಎಂದವರಲ್ಲವೇ ಅವರು? ಆಣೆ ಹಾಕಿದ್ದು ಅಮ್ಮನ ತಪ್ಪು ಮುಚ್ಚಲಿಕ್ಕಲ್ಲ, ಮೊಯ್ದೀನ್ ಮಾಮನ ಮನಸ್ಸು ಉಳಿಸಲಿಕ್ಕೆ. ಅಪ್ಪನ ಮೇಲೆ ನನಗೆ ಆ ಹೊತ್ತಿನಲ್ಲಿ ಎಷ್ಟು ಪ್ರೀತಿ ಬಂತೆಂದರೆ ಅಲ್ಲೇ ಕೂತು ಅತ್ತೆ. ಪಾಪ ನವೀನ್, ವಾಚು ನಕಲಿಯಾದದ್ದಕ್ಕೆ ಅಳುತ್ತಿದ್ದೇನೆಂದು ತಿಳಿದು ನೀರು ತಂದುಕೊಟ್ಟ.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. "ನೀನು ಹಾಳು ಮಾಡಿದ್ದಲ್ಲಮ್ಮ. ಅದು ಅಸಲಿ ಆಗಿದ್ರೆ ನೀರು ಹೋಗ್ತಾನೇ ಇರ್ಲಿಲ್ಲ," ಎಂದು ಶುರುಮಾಡಿ ಎಲ್ಲವನ್ನೂ ಹೇಳಿ ಮುಗಿಸಿ, ಅವಳ ಮುಖ ಅರಳುವುದನ್ನು ಕಾಯುತ್ತ ಕೂತೆ. ಅರಳಲಿಲ್ಲ. ಕೈಯಲ್ಲಿದ್ದ ಕಂತೆಯನ್ನು ಪಕ್ಕಕ್ಕಿಟ್ಟಳು. "ಮೊಯ್ದೀನ್ ಮನಸ್ಸು ನೋಯಬಾರ್ದು ಅಂತ ಅವರಿಗಿತ್ತು. ನನ್ನ ಮನಸ್ಸು?" ಎಂದಳು. "ನನ್ನ ಕಿವೀಲಿ ಒಂದ್ ಮಾತು ಹಾಕ್ಬಾರ್ದಿತ್ತಾ? ನಾನು ಬಾಯಿಬಡುಕಿ, ಹೇ? ನಾನೆಲ್ಲಿ ಮೊಯ್ದೀನ್ ಮುಂದೆ ಬಡಬಡ ಅಂದುಬಿಡ್ತೀನೋ ಅಂತ. ಅಷ್ಟೇ ಅವರಿಗೆ ನನ್ನ ಮೇಲಿದ್ದ ನಂಬಿಕೆ. ಅಷ್ಟು ವರ್ಷ ಒಂದೇ ಮನೇಲಿದ್ದು, ನಾನು ಕೊರಗೋದು ನೋಡ್ತಾ ನೋಡ್ತಾ ಹೊರಟುಹೋದ್ರಲ್ಲೇ!" ಆ ವಾರವೆಲ್ಲ ಅವಳು ಅಪ್ಪನ ಫೋಟೋಗೆ ಹೂವಿಡಲಿಲ್ಲ. ನಾನು ಇಟ್ಟರೆ ಬೇಡವೆನ್ನಲೂ ಇಲ್ಲ. ಕರಗಿಹೋಗುತ್ತದೆ ಎಂದುಕೊಂಡಿದ್ದ ದುಃಖ ಇನ್ನೊಂದು ರೂಪದಲ್ಲಿ ಬಂದು ಕೂತಿತ್ತು. ತೋರಿಸದೆ ಸುಮ್ಮನಿದ್ದಿದ್ದರೇ ಒಳ್ಳೆಯದಿತ್ತೇನೋ ಎಂದು ನನ್ನನ್ನು ನಾನೇ ಬೈದುಕೊಂಡೆ.

ಆಗಲೇ ಮೊಯ್ದೀನ್ ಮಾಮ ಬಂದದ್ದು. ಅಶ್ರಫ್ ಈಗ ಇಲ್ಲೇ ಎಂಜಿನಿಯರು. ಮಗನ ಮನೆಗೆ ಬಂದಿದ್ದ ಅವರು ಅಕ್ಕನನ್ನು ನೋಡಲೇಬೇಕೆಂದು ಹಟ ಹಿಡಿದರಂತೆ. ಅಶ್ರಫ್ ಬಾಗಿಲವರೆಗೆ ಬಿಟ್ಟು, ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಮಾಮ ಬಗ್ಗಿಹೋಗಿದ್ದರು. ಕೋಲು, ದಪ್ಪ ಕನ್ನಡಕ, ಅದೇ ಅತ್ತರು. "ಎಂತ ಮಗಾ, ನೀನು ಇಷ್ಟು ಉದ್ದ ಆದ್ದಾ?" ಎಂದು ನನ್ನ ತಲೆ ಸವರಿದರು, ನನಗೇ ಮದುವೆಗೆ ಬಂದ ಮಗಳಿದ್ದಾಳೆ ಎಂಬುದು ಅವರಿಗೆ ಲೆಕ್ಕಕ್ಕಿಲ್ಲ. ಅಮ್ಮ ಬಂದು ಎದುರಿಗೆ ಕೂತಳು. ಊರಿನ ಮಾತು, ಮೊಣಕಾಲಿನ ಮಾತು, ಹೋದವರ ಮಾತು ಎಲ್ಲ ಆಯಿತು. ಆಮೇಲೆ ಅವರು ಕೋಲಿನ ಮೇಲೆ ಎರಡೂ ಕೈಯಿಟ್ಟು, ಕೇಳಲೋ ಬೇಡವೋ ಎಂಬಂತೆ ಕೇಳಿದರು: "ಅಕ್ಕಾ, ಅಣ್ಣನ ಆ ವಾಚು ಉಂಟಾ?"

ಅಮ್ಮ ಎದ್ದು ಒಳಗೆ ಹೋಗಿ ವಾಚು ತಂದು ಅವರ ಅಂಗೈಗಿಟ್ಟಳು. ಅವರು ಅದನ್ನು ಕನ್ನಡಕದ ಹತ್ತಿರ ತಂದು, "ಇದೆಂತ ಅಕ್ಕಾ, ಕೆಂಪು?" ಎಂದರು. ಅಮ್ಮ ಹೇಳಿದಳು: "ನನ್ನ ಕೈಜಾರಿ ಬಿತ್ತು ಮೊಯ್ದೀನ್. ಆಯುಧಪೂಜೆ ದಿನ, ಕಲ್ಲಿನ ಮೇಲೆ. ಹಿಂದಿನ ಮುಚ್ಚಳ ಸಡಿಲ ಆಗಿ ಕುಂಕುಮದ ನೀರು ಒಳಗೆ ಹೋಯ್ತು. ನಿಮ್ಮ ಹತ್ರ ಹೇಳಕ್ಕೆ ನಂಗೆ ಮುಖ ಇರ್ಲಿಲ್ಲ. ನಿಮ್ಮಣ್ಣ ನನ್ನ ತಪ್ಪು ಮುಚ್ಚಕ್ಕೆ ಅಂತ ಅದನ್ನ ಬೀರುವಿನಲ್ಲಿಟ್ಟಿದ್ದು." ಮೊಯ್ದೀನ್ ಮಾಮ ಅವಳನ್ನೇ ನೋಡಿದರು. ಆಮೇಲೆ ಮುಖವೆಲ್ಲ ಸಡಿಲವಾಗಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಅಷ್ಟೇಯಾ? ಯಾ ಅಲ್ಲಾ! ನಾನು ಇಷ್ಟು ವರ್ಷ ಎಂತ ತಿಳ್ಕೊಂಡಿದ್ದೆ ಗೊತ್ತುಂಟಾ? ಅಣ್ಣನಿಗೆ ಅದು ಮನಸ್ಸಿಗೆ ಬರ್ಲಿಲ್ಲ ಅಂತ. ನಾನು ಕೊಟ್ಟದ್ದು ಅವರಿಗೆ ಹಿಡಿಸ್ಲಿಲ್ಲ ಅಂತ. ಅಸ್ಲಿ ಮಾಲು ಅಕ್ಕಾ ಅದು. ಬಿದ್ರೆ ಎಂತ? ಕೊಡಿ, ಅಶ್ರಫನ ಕೈಲಿ ರಿಪೇರಿ ಮಾಡಿಸುವ." ಅಮ್ಮ ಮೆಲ್ಲನೆ ವಾಚನ್ನು ಅವರ ಕೈಯಿಂದ ತೆಗೆದುಕೊಂಡಳು. "ಬೇಡ ಮೊಯ್ದೀನ್. ಅವರು ಹೇಗಿಟ್ಟಿದ್ರೋ ಹಾಗೇ ಇರ್ಲಿ. ಇಷ್ಟ ಆಗ್ಲಿಲ್ಲ ಅಂದ್ರಾ? ನನ್ನ ಜನ್ಮದಲ್ಲಿ ನಂಗೆ ಸಿಕ್ಕ ಒಂದೇ ಅಸಲಿ ಅಂತ ಕೊನೇವರೆಗೂ ಹೇಳ್ತಿದ್ರು." ಮೊಯ್ದೀನ್ ಮಾಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಪ್ಪ ಹಾಗೆ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅವರನ್ನು ಲಿಫ್ಟಿನವರೆಗೆ ಬಿಟ್ಟು ನಾನು ವಾಪಸು ಬಂದಾಗ ಅಮ್ಮ ಕುರ್ಚಿಯಲ್ಲಿ ಹಾಗೇ ಕೂತಿದ್ದಳು. ವಾಚು ಅವಳ ಮಡಿಲಲ್ಲಿತ್ತು. ನಾನು ನೀರು ತಂದುಕೊಟ್ಟೆ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. "ನೋಡೇ, ಒಂದ್ ಸಲ ಸುಳ್ಳು ಹೇಳಿದ್ದಕ್ಕೇ ನಂಗೆ ಹೆಂಗೆ ಕೈ ನಡುಗ್ತಿದೆ. ಅವರು ಇದನ್ನ ಪ್ರತಿ ಶುಕ್ರವಾರ ಮಾಡ್ತಿದ್ರಲ್ಲೇ," ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಹೋದ ದಿನವೂ ಅವಳು ಅಷ್ಟು ಅತ್ತಿರಲಿಲ್ಲ.